ಊಟವಾದ ಮೇಲೆ ಕೈಮಾತಿಲ್ಲ

ಮಗ್ಗದ ಶೆಡ್ಡಿನ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಭಾನುವಾರ

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯೆ? ದವಡೆ ಹಲ್ಲು ಕೀಳಿಸಿದೆಯೋ, ಇಲ್ಲ ಇನ್ನೂ ಕೆನ್ನೆ ಹಿಡಿದುಕೊಂಡು ಡಾಕ್ಟರ ಬಾಗಿಲಿಂದಲೇ ವಾಪಸ್ಸು ಬರುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಕಿವಿ ಮಾತ್ರ ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ.

ಇಲ್ಲೊಂದು ಗಲಾಟೆ ಆಯಿತು, ಅದೂ ನನ್ನ ದೆಸೆಯಿಂದ. ಮಗ್ಗಗಳು ಓಡುವಾಗ ನಮ್ಮ ಶೆಡ್ಡಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲವಂತೆ. ಅದಕ್ಕೇ ಎಲ್ಲರೂ ನನ್ನಿಂದ ಕೈಮಾತು ಕಲಿತಿದ್ದಾರೆ. ನೂಲು ಹರಿದರೆ ಎರಡು ಬೆರಳು, ಎಣ್ಣೆ ಬೇಕಾದರೆ ಹೆಬ್ಬೆರಳು, ಸಾಹುಕಾರರು ಬಂದರೆ ಮೀಸೆ ತಿರುವುವುದು. ಆದರೂ ನನ್ನ ಸಂಬಳ ಉಳಿದವರ ಅರ್ಧ. ಪಕ್ಕದ ಮಗ್ಗದ ಜಡೆಯಕ್ಕ ಇದನ್ನು ಕೇಳಲು ಹೋದಳು. ನಾನು ಅವಳ ಬೆನ್ನ ಹಿಂದೆ ನಿಂತು ನೆಲ ನೋಡಿದೆ. ಸಾಹುಕಾರರ ತುಟಿ ಓದೋಣವೆಂದರೆ ಅರ್ಧ ಮಾತನ್ನು ಆ ಮೀಸೆಯೇ ನುಂಗುತ್ತದೆ. “ಕಿವಿ ಕೇಳದವಳಿಗೆ ಕೆಲಸ ಕೊಟ್ಟಿದ್ದೇ ಹೆಚ್ಚು. ಒಂದು ಮಾತು ಹೇಳಿದ್ರೆ ತಿಳಿಯುತ್ತಾ ಅವಳಿಗೆ?” ಅಂದರಂತೆ. ಜಡೆಯಕ್ಕ ಬಿಟ್ಟಾಳೆಯೇ? “ಹಾಗಾದ್ರೆ ಅರ್ಧ ಸಂಬಳಕ್ಕೆ ಅರ್ಧ ದಿನದ ಕೈಮಾತು. ಊಟ ಆದ್ಮೇಲೆ ಎಲ್ರೂ ಬಾಯಲ್ಲೇ ಮಾತಾಡ್ಕೋತೀವಿ” ಎಂದು ಹೇಳಿ ಬಂದಳು.

ಆ ಮಧ್ಯಾಹ್ನ ನೀನು ನೋಡಬೇಕಿತ್ತು. ಎಲ್ಲರಿಗೂ ಬಾಯಿ ತೆರೆದು ಮುಚ್ಚುವುದೇ ಕೆಲಸ. ನೂಲು ಕೇಳಿದವಳಿಗೆ ಎಣ್ಣೆ ಬಂತು. ಮಗ್ಗ ನಿಲ್ಲಿಸು ಎಂದು ಮೇಸ್ತ್ರಿ ಕೂಗಿದರೆ ಒಬ್ಬಳು ಅವನಿಗೆ ಕುಡಿಯಲು ನೀರು ತಂದುಕೊಟ್ಟಳು. ಕೆಂಪಂಚಿನ ಬಟ್ಟೆಗೆ ಹಸಿರಂಚು ಬಿತ್ತು. ಸಾಹುಕಾರರೇ ಓಡಿಬಂದು ಕಿರುಚಿದರು. ಕತ್ತಿನ ನರ ಉಬ್ಬಿದ್ದು ಕಂಡಿತು, ಅಷ್ಟೇ. ಸಂಜೆಗೆ ಅವರ ಗಂಟಲು ಕಟ್ಟಿತು. ನನ್ನೆದುರು ನಿಂತು ಎರಡೂ ಕೈ ಅಗಲಿಸಿ ತೋರಿಸಿದರು: ಪೂರ್ತಿ ಸಂಬಳ. ಹುಡುಗಿಯರೆಲ್ಲ ಖುಷಿಗೆ ಮೀಸೆ ತಿರುವಿದರು. ಇದೇನೆಂದು ಸಾಹುಕಾರರು ಸನ್ನೆಯಲ್ಲೇ ಕೇಳಿದ್ದಕ್ಕೆ ಮೇಸ್ತ್ರಿ ಹೆದರಿ, ಅದು ನಮಸ್ಕಾರದ ಸನ್ನೆ ಎಂದುಬಿಟ್ಟ. ಈಗ ದಿನಾ ಬೆಳಿಗ್ಗೆ ಸಾಹುಕಾರರು ನಮಗೆಲ್ಲ ಮೀಸೆ ತಿರುವಿಯೇ ಒಳಗೆ ಬರುತ್ತಾರೆ. ನಗು ತಡೆದು ತಡೆದು ನನಗೆ ಹೊಟ್ಟೆನೋವು.

ಭಾವನಿಗೆ ನಮಸ್ಕಾರ ತಿಳಿಸು. ಸರಿಯಾದ ನಮಸ್ಕಾರ, ಮೀಸೆಯದಲ್ಲ.

ನಿನ್ನ ಪುಟ್ಟಿ

ತಾ.ಕ.: ಕಾಗದ ಮಡಿಸುವಾಗ ಜಡೆಯಕ್ಕ ಬಂದು ಹೇಳಿದಳು. ಶೆಡ್ಡು ಗುಡಿಸುವ ಅಜ್ಜಿಗೆ ಒಂದೇ ಕೈ, ಅದಕ್ಕೆ ಅವಳ ಸಂಬಳ ಇನ್ನೂ ಅರ್ಧವೇ ಅಂತೆ. ಗುಡಿಸುವುದು ಮಾತ್ರ ಪೂರ್ತಿ ಶೆಡ್ಡು. ನಾಳೆ ಕೇಳಲು ನಾನೇ ಮುಂದೆ ನಿಲ್ಲುತ್ತೇನೆ ಎಂದುಬಿಟ್ಟಿದ್ದೇನೆ. ಕೆಲಸ ಹೋದರೆ ನಾನು, ಅಜ್ಜಿ ಇಬ್ಬರೂ ನಿಮ್ಮಲ್ಲಿಗೇ ಬರುತ್ತೇವೆ, ಹಾಸಿಗೆ ಹೊಂದಿಸಿಡು. ಅಜ್ಜಿಯ ಗೊರಕೆ ಬಹಳ ಜೋರಂತೆ. ನನಗೇನೂ ತೊಂದರೆಯಿಲ್ಲ, ನಿಮ್ಮದು ನೀವು ನೋಡಿಕೊಳ್ಳಿ.