ದುಂಡು ಮೊಹರು, ಸೊಟ್ಟ ಬಾಯಿ

ದುಂಡು ಮೊಹರಿನ ಮಾನ್ಯ ಅಧಿಕಾರಿಗಳೇ,

ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು ಆಸ್ಪತ್ರೆಯವರೆಗೆ ಜೀವ ಹಿಡಿದು ತರುವ ತುರ್ತು ವೈದ್ಯಕೀಯ ತಂತ್ರಜ್ಞರಿಗೆ ಲೈಸೆನ್ಸ್ ಕೊಡುವ ಕಚೇರಿ ತಮ್ಮದು. ಹನ್ನೊಂದು ವರ್ಷ ಆ ಕೆಲಸ ಮಾಡಿದ ಶಿವಕುಮಾರಿಯ ಲೈಸೆನ್ಸನ್ನು ತಾವು ಒಂಬತ್ತು ತಿಂಗಳಿಂದ ನವೀಕರಿಸಿಲ್ಲ. ಕಾರಣ? ಅವಳ ಅನುಭವ ಪತ್ರದ ಮೇಲೆ ಆಂಬುಲೆನ್ಸ್ ಕಂಪನಿ ಒತ್ತಿದ ಮೊಹರು ಚೌಕವಾಗಿದೆಯಂತೆ, ದುಂಡಗಿರಬೇಕಂತೆ. ಶಹಬ್ಬಾಸ್! ರೋಗಿಯ ನಾಡಿ ನೋಡುವವಳ ಅರ್ಹತೆಯನ್ನು ಮೊಹರಿನ ಮೂಲೆಗಳಲ್ಲಿ ಅಳೆಯುವ ವಿದ್ಯೆ ತಮಗಲ್ಲದೆ ಇನ್ನಾರಿಗೆ ಬಂದೀತು?

ಕಂಪನಿ ದುಂಡು ಮೊಹರು ಮಾಡಿಸಿ ಒತ್ತಿಕೊಟ್ಟಿತು. ಅಷ್ಟರಲ್ಲಿ ಲೈಸೆನ್ಸಿನ ಅವಧಿ ಮುಗಿದು ಅವಳನ್ನು ಕೆಲಸದಿಂದ ಇಳಿಸಿದ್ದರು. ಈಗ ತಮ್ಮ ಹೊಸ ಆಕ್ಷೇಪಣೆ, ‘ಅರ್ಜಿದಾರರು ಸದ್ಯ ಸೇವೆಯಲ್ಲಿಲ್ಲ.’ ಸೇವೆಯಲ್ಲಿ ಇಲ್ಲದವರಿಗೆ ನವೀಕರಣವಿಲ್ಲ; ನವೀಕರಣವಿಲ್ಲದವರಿಗೆ ಸೇವೆಯಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ನಮ್ಮ ಹಿರಿಯರು ಇದನ್ನು ಗಾದೆ ಮಾಡಿ ನಕ್ಕರು, ತಾವು ಸುತ್ತೋಲೆ ಮಾಡಿ ಹೊರಡಿಸಿದಿರಿ. ಶಿವಕುಮಾರಿ ಈಗ ಕಾಂದಿವಲಿಯಲ್ಲಿ ಗಾಳಾ ಎನ್ನುವ ಒಂದು ಸಣ್ಣ ಕಾರ್ಖಾನೆಯಲ್ಲಿ ಶಾಂಪೂ ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಿದ್ದಾಳೆ.

ಅವಳ ಜಾಗಕ್ಕೆ ಕಂಪನಿ ಸಚಿನ ಎಂಬ ನಲವತ್ತರ ಆಸಾಮಿಯನ್ನು ಹತ್ತಿಸಿತು. ಹೋದ ವರ್ಷದವರೆಗೂ ಅವನು ಟೆಂಪೋದಿಂದ ಕಪಾಟು ಇಳಿಸುತ್ತಿದ್ದ. ಅವನಿಗೆ ಲೈಸೆನ್ಸ್ ಬೇಡವೇ? ಬೇಡ. ಅವನು ‘ಸಹಾಯಕ’, ತಮ್ಮ ನಿಯಮ ಅವನನ್ನು ಮುಟ್ಟುವುದಿಲ್ಲ. ಕಲಿತವಳ ಲೈಸೆನ್ಸ್ ಹಳೆಯದಾದರೆ ಅಪರಾಧ, ಕಲಿಯದವನಿಗೆ ಲೈಸೆನ್ಸೇ ಇಲ್ಲದಿದ್ದರೆ ಅನುಕೂಲ!

ಇದರಿಂದ ಏನಾಯಿತೆಂದು ಕೇಳಿ. ವಡಾಲದಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿ ಸುಂದ್ರವ್ವ, ಭೀಮರಾಯ ಎಂಬ ಗಂಡಹೆಂಡತಿ ಇದ್ದಾರೆ. ವಿಜಯಪುರದ ಕಡೆಯವರು, ಕಟ್ಟಡದ ಕೆಲಸ. ಕಳೆದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ, ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದ ಸುಂದ್ರವ್ವನ ಬಲಗೈ ಜೋತುಬಿತ್ತು. ಬಾಯಿ ಒಂದು ಕಡೆಗೆ ವಾಲಿತು. ಚಾಳಿನವರೆಲ್ಲ ಕೆಲಸಕ್ಕೆ ಹೋಗಿದ್ದರು. ಹಿಂದಿ ಸರಿಯಾಗಿ ಬಾರದ ಭೀಮರಾಯ ಆಂಬುಲೆನ್ಸ್ ಬಂದೊಡನೆ ತನ್ನ ಭಾಷೆಯಲ್ಲೇ ಅರಚಿದ: “ಬಾಯಿ ಸೊಟ್ಟ ಆಗ್ಯಾದ್ರೀ! ಬಾಯಿ ಸೊಟ್ಟ!”

ಈ ಊರಿನ ಮರಾಠಿಯಲ್ಲಿ ‘ಬಾಯಿ’ ಎಂದರೆ ಹೆಂಗಸು. ‘ಸೋಟಾ’ ಎಂದರೆ ಬಡಿಗೆ. ಹೆಂಡತಿಯನ್ನು ಬಡಿಗೆಯಲ್ಲಿ ಬಾರಿಸಿದ್ದೇನೆಂದು ಗಂಡನೇ ಒಪ್ಪಿಕೊಳ್ಳುತ್ತಿದ್ದಾನೆ ಎಂದು ಸಚಿನ ತಿಳಿದ! ಅವಳ ಓರೆ ಮುಖ ಅವನಿಗೆ ಪೆಟ್ಟು ಬಿದ್ದ ಮುಖವಾಗಿ ಕಂಡಿತು. ಪೊಲೀಸರಿಗೆ ಫೋನ್ ಮಾಡಿ, ಅವರು ಬರುವವರೆಗೆ ಗಾಡಿ ನಿಲ್ಲಿಸಿಕೊಂಡ. ಆಮೇಲೆ ಚೀಟಿಯಲ್ಲಿ ‘ಹಲ್ಲೆ’ ಎಂದು ಬರೆದು ಆಸ್ಪತ್ರೆಯಲ್ಲಿ ಪೆಟ್ಟು ತಿಂದವರ ಸಾಲಿನಲ್ಲಿ ಅವಳನ್ನು ಬಿಟ್ಟುಹೋದ.

ನಾನು ಅಂದು ಘಾಟ್ಕೋಪರಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಸುದ್ದಿ ತಿಳಿದು ಆಸ್ಪತ್ರೆ ಮುಟ್ಟಿದಾಗ ಎರಡೂವರೆ. ಸುಂದ್ರವ್ವ ಇನ್ನೂ ಸಾಲಿನಲ್ಲೇ ಇದ್ದಳು. ಪೊಲೀಸಿನವನ ಪಕ್ಕ ಕೂತಿದ್ದ ಭೀಮರಾಯ ನನ್ನನ್ನು ಕಂಡು ಗೊಳೋ ಎಂದು ಅತ್ತ. “ಅಕ್ಕೋರ, ನಾ ಹೊಡದಿಲ್ರೀ! ಇಪ್ಪತ್ತ ವರ್ಷದಾಗ ಒಮ್ಮೀನೂ ಕೈ ಎತ್ತಿಲ್ರೀ!”

ಡಾಕ್ಟರನ್ನು ಎಳೆದುಕೊಂಡೇ ಬಂದೆ. ಪಾರ್ಶ್ವವಾಯು ಎಂದರು. ಮೆದುಳಿನ ರಕ್ತದ ಗಡ್ಡೆ ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯ ಗಡುವಂತೆ. ಐದು ಗಂಟೆ ಕಳೆದಿತ್ತು. ಪೊಲೀಸರು ಭೀಮರಾಯನನ್ನು ಬಿಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಸಂಜೆ ಶಿವಕುಮಾರಿಗೆ ಫೋನ್ ಮಾಡಿದೆ. ಶಾಲೆಯಲ್ಲಿ ನನ್ನ ಕೈಯಲ್ಲೇ ಓದಿದವಳು, ಕಲಬುರಗಿ ಕಡೆಯವರ ಮಗಳು. ನಾನು ಮಾತು ಮುಗಿಸುವ ಮೊದಲೇ ಕೇಳಿದಳು: “ಎಷ್ಟ ಗಂಟೆಕ್ಕ ಸುರು ಆತ್ರೀ, ಅಕ್ಕೋರ?” ಬೆಳಿಗ್ಗೆ ಆಂಬುಲೆನ್ಸಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವಳು ಓದಿದ್ದು ಅದನ್ನು ಕೇಳುವುದಕ್ಕೆ. ಬಾಯಿ ಸೊಟ್ಟವಾಗುವುದೆಂದರೆ ಏನೆಂದು ಅವಳಿಗೆ ಎರಡು ಬಗೆಯಲ್ಲೂ ಗೊತ್ತು, ಕನ್ನಡವಾಗಿಯೂ, ಕಾಯಿಲೆಯಾಗಿಯೂ. ಉತ್ತರ ಹೇಳಿದೆ. ಆ ಕಡೆ ಅವಳು ಅಳತೊಡಗಿದಳು, ನನಗೂ ತಡೆಯಲಾಗಲಿಲ್ಲ.

ಸಚಿನನನ್ನು ನಾನು ದೂರುವುದಿಲ್ಲ. ಮರುದಿನ ತಾನಾಗಿ ಬಂದು ಸುಂದ್ರವ್ವನ ಕಾಲಿಗೆ ಬಿದ್ದ. ತಮ್ಮ ಕಚೇರಿಯಿಂದ ಯಾರೂ ಬರಲಿಲ್ಲ. ಬಂದದ್ದು ಶಿವಕುಮಾರಿಗೆ ಒಂದು ನೋಟಿಸು: ‘ಕಳೆದ ಒಂಬತ್ತು ತಿಂಗಳು ರೋಗಿಗಳನ್ನು ಏಕೆ ನೋಡಿಲ್ಲವೆಂದು ಅರ್ಜಿದಾರರು ಲಿಖಿತ ಕಾರಣ ನೀಡತಕ್ಕದ್ದು.’ ಥೂ! ನೋಡದಂತೆ ತಡೆದವರೇ ತಾವಲ್ಲವೇ?

ನನ್ನ ಬೇಡಿಕೆ ಒಂದೇ. ಬರುವ ಸೋಮವಾರ ಶಿವಕುಮಾರಿಯ ನವೀಕರಣಕ್ಕೆ ಸಹಿ ಬೀಳಬೇಕು. ಬೀಳದಿದ್ದರೆ ಹನ್ನೊಂದು ಗಂಟೆಗೆ ಸುಂದ್ರವ್ವನನ್ನು ಗಾಲಿಕುರ್ಚಿಯಲ್ಲಿ ತಮ್ಮ ಮೇಜಿನ ಮುಂದೆ ತಂದು ನಿಲ್ಲಿಸುತ್ತೇನೆ. ತಡವೇಕಾಯಿತೆಂದು ಅವಳಿಗೇ ವಿವರಿಸಿ. ಭಾಷೆ ಬರುವುದಿಲ್ಲವೆಂಬ ಚಿಂತೆ ಬೇಡ, ತಾವು ಹೇಳಿದ್ದನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳುತ್ತೇನೆ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಹೇಳಿದ್ದೆಲ್ಲ ತಿಳಿಯುತ್ತದೆ. ತಿರುಗಿ ಒಂದು ಮಾತೂ ಆಡಲಾರಳು.

ಇಂತಿ,
ಓದಿದರೆ ನಾಲ್ಕು ಜನಕ್ಕೆ ಉಪಕಾರವಾಗುತ್ತದೆಂದು ಮೂವತ್ತು ವರ್ಷ ಮಕ್ಕಳನ್ನು ನಂಬಿಸಿದ,
ವನಮಾಲಾ, ನಿವೃತ್ತ ಕನ್ನಡ ಶಿಕ್ಷಕಿ, ವಡಾಲ