ತಡೀರಿ ಎಂದ ಚೂರಿಚಿಕ್ಕಮ್ಮನವರಿಗೆ

ಗಾಳಿಗದಗ
ಶ್ರಾವಣದ ಮೂವತ್ತೇಳನೆಯ ದಿನ, ಇಸವಿ ೨೩೧೮

ಚೂರಿಚಿಕ್ಕಮ್ಮನವರಿಗೆ ನೀಲಗಂಗಾ ಮುಳಗುಂದ ಮಾಡುವ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ವರ್ಷದ ಲೆಕ್ಕಕ್ಕೆ ಸಿಗದ ದಿನಗಳನ್ನೆಲ್ಲ ಒಟ್ಟುಗೂಡಿಸಿ ಶ್ರಾವಣದ ಬಾಲಕ್ಕೆ ಕಟ್ಟಿದ್ದೇವೆ. ಅವಕ್ಕೆ ಉಳಿಕೆದಿನ ಎನ್ನುತ್ತೇವೆ. ಆ ದಿನಗಳಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಆಡುತ್ತೇವೆ, ಉಣ್ಣುತ್ತೇವೆ, ಹಿಂದಿನವರಿಗೆ ಕಾಗದ ಬರೆಯುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಆಟಗಾರರ ಜಗಳಗಳನ್ನು ಓದಿ. ಆದ್ದರಿಂದ ಬೈಗುಳ ಚೆನ್ನಾಗಿ ಬರುತ್ತದೆ, ಮರ್ಯಾದೆಯ ಮಾತಿಗೆ ತಡವರಿಸುತ್ತೇನೆ.

ನಿಮ್ಮ ನಿಜವಾದ ಹೆಸರು ನಮಗೆ ಗೊತ್ತಿಲ್ಲ. ‘ಕರಿಗಂಟೆ’ ಎಂಬ ಕತ್ತಿಕಾಳಗದ ವಿಡಿಯೊ ಗೇಮಿನ ಎರಡನೆಯ ಭಾಗ ಬಂದ ವಾರ, ಅದರ ಅಭಿಪ್ರಾಯದ ಪುಟದಲ್ಲಿ ಚೂರಿಚಿಕ್ಕಮ್ಮ ಎಂಬ ಹೆಸರಿನಿಂದ ಬರೆದವರು ನೀವು ಎಂಬುದಷ್ಟೇ ಗೊತ್ತು. ನಿಮ್ಮ ಕಾಲದವರು ಜಾಲದಲ್ಲಿ ಆಡಿದ ಮಾತುಗಳನ್ನು ನಾವು ಊರಾಚೆಯ ಬಂಡೆಯೊಳಗೆ ತುಂಬಿಟ್ಟಿದ್ದೇವೆ. ಹಿಂದೆ ನೆಲದೊಳಗೆ ಜೋಳ ತುಂಬಿಡುತ್ತಿದ್ದರಲ್ಲ, ಅದರ ನೆನಪಿಗೆ ಆ ಜಾಗವನ್ನು ಮಾತಿನ ಹಗೇವು ಎನ್ನುತ್ತೇವೆ. ಹಗೇವಿಗೆ ಇಳಿದವಳಿಗೆ ಮೊದಲು ಸಿಕ್ಕಿದ್ದು ಕಾಳಲ್ಲ, ಹೊಟ್ಟು. ‘ಮೊದಲನೇ ಭಾಗ ಚಿನ್ನ, ಇದು ಗಿಲೀಟು’ ಎಂದು ಒಬ್ಬರು. ‘ಇದೆಂತ ಕತ್ತಿ ಮಾರಾಯ್ರೆ, ಎತ್ತುವಷ್ಟರಲ್ಲಿ ಒಂದು ಚಾ ಕುಡ್ದು ಬರ್ಬಹುದು’ ಎಂದು ಮಂಗಳೂರಿನ ಕಡೆಯವರು. ‘ಪಾಳು ಕೋಟೆ, ಬಾವಲಿ, ಮೇಣದಬತ್ತಿ ಎಲ್ಲಾ ಸೂಪರ್ ಗುರು, ಫೈಟ್ ಮಾತ್ರ ಡಬ್ಬಾ’ ಎಂದು ಬೆಂಗಳೂರಿನ ಒಬ್ಬ. ಇನ್ನೊಬ್ಬ ಮಹಾನುಭಾವರು ಆಟ ಆಡದೆಯೇ ಒಂದು ನಕ್ಷತ್ರ ಕೊಟ್ಟು, ಆಡಿದ ಮೇಲೆ ತಿದ್ದುವುದಾಗಿ ಹೇಳಿದ್ದಾರೆ. ಅವರು ಇನ್ನೂ ತಿದ್ದಿಲ್ಲ.

ಎಲ್ಲರ ಸಿಟ್ಟೂ ಕೊನೆಗೆ ಬಂದು ಬೀಳುತ್ತಿದ್ದುದು ಒಂದೇ ಪದದ ಮೇಲೆ. ಎರಡನೆಯ ಭಾಗ ಕನ್ನಡದಲ್ಲೂ ಬಂದಿತ್ತು. ಗಂಟೆದೊರೆ, ಅಂದರೆ ತಲೆಗೆ ಕಂಚಿನ ಗಂಟೆ ಕವುಚಿಕೊಂಡ ಆ ಸತ್ತ ರಾಜ, ಕತ್ತಿ ಎತ್ತಿದೊಡನೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ತಡೆ’ ಎಂದು ಮೂಡುತ್ತಿತ್ತು. ಬೇರೆ ಭಾಷೆಗಳಲ್ಲಿ ಅಲ್ಲಿ ಕತ್ತಿ ಅಡ್ಡ ಹಿಡಿ ಎಂಬರ್ಥದ ಮಾತಿತ್ತು. ಆ ಭಾಷೆಗಳವರು ಕತ್ತಿ ಎತ್ತಿದೊಡನೆ ಗುಂಡಿ ಒತ್ತಿದರು, ಸತ್ತರು. ನಮ್ಮವರಿಗೆ ಅನುಮಾನ. ತಡೆ ಎಂದರೆ ಅಡ್ಡ ಹಿಡಿಯುವುದೋ, ಇಲ್ಲಾ ಸ್ವಲ್ಪ ತಾಳುವುದೋ? ಅರ್ಧ ಕರ್ನಾಟಕ ಸುಮ್ಮನೆ ನಿಂತು ತಲೆ ಕೊಟ್ಟಿತು, ಇನ್ನರ್ಧ ಬೇಗ ಒತ್ತಿ ತಲೆ ಕೊಟ್ಟಿತು. ಈ ಪದ ಬದಲಾಯಿಸಿ ಎಂದು ಎಲ್ಲರೂ ಒಕ್ಕೊರಲಿನಿಂದ ಕೂಗಿದರು. ಕನ್ನಡಿಗರು ಹಾಗೆ ಒಕ್ಕೊರಲಾದದ್ದು ನಮ್ಮ ಇತಿಹಾಸದಲ್ಲಿ ಅಪರೂಪ.

ಆಗ ನೀವು ಬರೆದಿರಿ. ಇಲ್ಲಿ ಚಿಕ್ಕ ಮಕ್ಕಳೂ ಬಾಯಿಪಾಠ ಒಪ್ಪಿಸುವ ಮಾತುಗಳು ಅವು. ನಿಮ್ಮದನ್ನು ನಿಮಗೇ ಒಪ್ಪಿಸುವ ನನ್ನ ಅಧಿಕಪ್ರಸಂಗಕ್ಕೆ ನಗಬೇಡಿ.

‘ಐದಕ್ಕ ಐದು ಚುಕ್ಕಿ. ಎಲ್ಲಾರೂ ಯಾಕ ಹಂಗ ಗುಂಡಿ ಕುಟ್ಟಾಕ ಹತ್ತೀರಿ? ತಡೆ ಅಂತ ಬರದಾರಲ್ಲ, ತಡೀರಿ. ಅಂವಾ ಕತ್ತಿ ಎತ್ತಿದ ಕೂಡ್ಲೆ ಒತ್ತಬ್ಯಾಡ್ರಿ. ಗಂಟಿಯೊಳಗ ಅಂವನ ಉಸುರು ಕೇಳಸ್ತೈತಿ. ಅದು ನಿಂತ ಮ್ಯಾಲೆ ಅಡ್ಡ ಹಿಡೀರಿ, ಅಂವನ ಕತ್ತಿ ಅಂವಗ ತಿರಗತೈತಿ. ತಡದು ತಡೀಬೇಕು. ಮೊದಲಿನ ಎರಡು ಏಟಿಗೆ ಇಷ್ಟ ಸಾಕು. ಮೂರನೇದ್ದು ಹಂಗಲ್ಲ, ಅದನ್ನ’

ಅಲ್ಲಿಗೆ ನಿಲ್ಲುತ್ತದೆ. ಏಕೆಂದರೆ ನೀವು ಬರೆದ ಮೂಲ ನಮ್ಮಲ್ಲಿಲ್ಲ. ಮಾರನೆಯ ದಿನ ಆ ಜಾಗದಲ್ಲಿ ‘ಬರೆದವರೇ ಅಳಿಸಿದ್ದಾರೆ’ ಎಂಬ ಸಾಲಷ್ಟೇ ಇದೆ. ನಮಗೆ ಸಿಕ್ಕಿದ್ದು ನಿಮ್ಮನ್ನು ಗೇಲಿ ಮಾಡಲು ಒಬ್ಬ ತನಗೆ ಬೇಕಾದಷ್ಟು ಕತ್ತರಿಸಿ ಹಾಕಿಕೊಂಡ ತುಣುಕು. ಅದರ ಕೆಳಗೆ ಅವನು ‘ಚಿಕ್ಕಮ್ಮ, ನೀವು ತಡೀತಾ ಇರಿ, ನಾವು ಸತ್ತು ಬರ್ತೀವಿ’ ಎಂದು ಬರೆದ. ಸಾವಿರಾರು ಜನ ನಕ್ಕರು. ಅವನ ಮೇಲೆ ನನಗೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಅವನು ನಗದಿದ್ದರೆ ನೀವು ನಮಗೆ ದಕ್ಕುತ್ತಿರಲಿಲ್ಲ. ನಕ್ಕವರಲ್ಲೇ ಕೆಲವರು ಗುಟ್ಟಾಗಿ ಹೋಗಿ ತಡೆದು ನೋಡಿದರು. ಉಸಿರು ಕೇಳಿಸಿತು. ಕತ್ತಿ ತಿರುಗಿತು. ಮುಂದೆ, ಆ ಪದವನ್ನು ಮುಟ್ಟಬೇಡಿ ಎಂದು ಗಂಟಲು ಹರಿದುಕೊಂಡವರೂ ಅವರೇ. ಅಷ್ಟರಲ್ಲಿ ನೀವು ಆ ಪುಟವನ್ನೇ ಬಿಟ್ಟು ಹೋಗಿದ್ದಿರಿ. ನಿಮ್ಮ ಮಾತು ನಿಜವಾಯಿತೆಂದು ನಿಮಗೆ ಯಾರಾದರೂ ಹೇಳಿದರೋ ಇಲ್ಲವೋ ಎಂಬುದು ನನ್ನನ್ನು ಬಹಳ ಕಾಡುತ್ತದೆ. ಯಾರೂ ಹೇಳಿರದಿದ್ದರೆ ನಾನು ಹೇಳುತ್ತೇನೆ. ನೀವು ಹೇಳಿದ್ದೇ ಸರಿ.

ಈಗ ಹೆಮ್ಮೆಯ ಮಾತಿಗೆ ಬರುತ್ತೇನೆ. ಕೊಚ್ಚಿಕೊಳ್ಳುತ್ತಾಳೆ ಎಂದುಕೊಂಡರೂ ಅಡ್ಡಿಯಿಲ್ಲ. ನಮ್ಮದು ಗಾಳಿಯಂತ್ರದ ಕಂಬಗಳ ಸುತ್ತ ಬೆಳೆದ ಊರು, ಅದಕ್ಕೇ ಗಾಳಿಗದಗ. ಪ್ರತಿ ಕಂಬದ ಬುಡದಲ್ಲೂ ಒಂದು ನೆರಳಂಗಳವಿದೆ. ಪರದೆ, ಗುಂಡಿ ಎಲ್ಲ ಹೋಗಿ ಎಷ್ಟೋ ಕಾಲವಾಯಿತು. ಅಂಗಳಕ್ಕೆ ಇಳಿದರೆ ನಿಮ್ಮ ಅದೇ ಪಾಳು ಕೋಟೆ, ಅದೇ ಬಾವಲಿಗಳು ಬೆಳಕಿನಲ್ಲಿ ಎದ್ದು ನಿಲ್ಲುತ್ತವೆ, ಕೈಗೆ ಕತ್ತಿಯ ಭಾರ ಬರುತ್ತದೆ, ಗಂಟೆದೊರೆ ಮೆಟ್ಟಿಲಿಳಿದು ಬರುತ್ತಾನೆ. ಏಟು ಬಿದ್ದರೆ ನೋವಾಗುವುದಿಲ್ಲ, ಅವಮಾನವಾಗುತ್ತದೆ. ಗೋಡೆಯ ಹಿಂದೆ ಓಡಾಡಿ, ಬೆಂಕಿ ಎಸೆದು ಅವನನ್ನು ಮುಗಿಸುವವರು ಬೇರೆ ಊರುಗಳಲ್ಲಿದ್ದಾರೆ. ನಮ್ಮಲ್ಲಿ ಅದನ್ನು ಗೆಲುವು ಎನ್ನುವುದಿಲ್ಲ, ಕಳ್ಳತನ ಎನ್ನುತ್ತೇವೆ. ಮಕ್ಕಳು ಬೆಳಗ್ಗೆ ರೊಟ್ಟಿ ತಿಂದವರೇ ಅಂಗಳಕ್ಕೆ ಬರುತ್ತಾರೆ. ಅವರಿಗೆ ಕಲಿಸುವವಳು ನಾನು, ಮೊದಲ ವರ್ಷ ಅವರ ಕೈಗೆ ಕತ್ತಿ ಕೊಡುವುದಿಲ್ಲ. ಕಣ್ಣು ಮುಚ್ಚಿಸಿ ಪಕ್ಕದವರ ಉಸಿರು ಕೇಳಿಸುತ್ತೇನೆ. ಈ ವಿದ್ಯೆಗೆ ತಡೆವರಸೆ ಎಂದು ಹೆಸರು. ಅದು ಅಂಗಳ ದಾಟಿ ಮನೆಗೂ ಬಂದಿದೆ. ನೆರೆಹೊರೆಯವರು ಜಗಳಕ್ಕೆ ನಿಂತರೆ ಹಿರಿಯರು ನಡುವೆ ಬಂದು ‘ತಡೆ’ ಎನ್ನುತ್ತಾರೆ. ಎದುರಿನವರ ಒಂದು ಉಸಿರು ಮುಗಿಯುವವರೆಗೆ ಬಾಯಿ ತೆರೆಯುವಂತಿಲ್ಲ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧ ಮುಂದುವರಿಯುತ್ತದೆ, ನಾವೇನು ದೇವತೆಗಳಲ್ಲ. ಕಡಲಾಚೆಯಿಂದ ಕಲಿಯಲು ಬರುವವರು ‘ತಾಡೇ’ ಎಂದು ಎಳೆಯುತ್ತಾರೆ. ಕಾಯುವುದಕ್ಕೂ ಕಾಪಾಡಿಕೊಳ್ಳುವುದಕ್ಕೂ ತಮ್ಮಲ್ಲಿ ಒಂದೇ ಮಾತಿಲ್ಲವೆಂದು ಅವರು ನಮ್ಮ ಪದವನ್ನೇ ಕೊಂಡೊಯ್ದಿದ್ದಾರೆ. ಅವರ ಬಾಯಲ್ಲಿ ಅದನ್ನು ಕೇಳಿದಾಗಲೆಲ್ಲ ನನ್ನ ಎದೆ ಉಬ್ಬುತ್ತದೆ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿದಿದೆ. ಗಂಟೆದೊರೆಯ ಮೂರನೆಯ ಏಟನ್ನು ಇಂದಿನವರೆಗೆ ಕತ್ತಿಯಿಂದ ಯಾರೂ ದಾಟಿಲ್ಲ. ಆ ಸಲ ಗಂಟೆಯೊಳಗಿನ ಉಸಿರು ನಿಲ್ಲುವುದೇ ಇಲ್ಲ. ನಿಮ್ಮ ‘ಅದನ್ನ’ದ ಮುಂದೆ ಏನಿತ್ತೆಂದು ಊರು ಎರಡು ಪಕ್ಷವಾಗಿದೆ. ‘ಅದನ್ನ ಇನ್ನೂ ತಡೀರಿ’ ಎಂದಿರಬೇಕೆಂಬುದು ನನ್ನ ಪಕ್ಷ. ‘ಅದನ್ನ ತಡೀಲೇಬ್ಯಾಡ್ರಿ’ ಎಂದಿರಬೇಕೆಂಬುದು ನನ್ನ ತಂಗಿ ಶಾಂಭವಿಯ ಪಕ್ಷ. ಈಚೆಗೆ ನಾವು ಒಂದೇ ಮನೆಯಲ್ಲಿ ಬೆನ್ನಿಗೆ ಬೆನ್ನು ಹಾಕಿಕೊಂಡು ಉಣ್ಣುತ್ತಿದ್ದೇವೆ. ಒಬ್ಬರಿಗೆ ಆಯುಷ್ಯದಲ್ಲಿ ಮೂರೇ ಸಲ ಅವನೆದುರು ನಿಲ್ಲುವ ಅವಕಾಶ. ಆಮೇಲೆ ಕತ್ತಿ ಕೆಳಗಿಟ್ಟು ನನ್ನ ಹಾಗೆ ಕಲಿಸಲು ಕೂರಬೇಕು. ಮೂರು ಸಲವೂ ನಾನು ತಡೆದೆ, ಮೂರು ಸಲವೂ ಬಿದ್ದೆ. ಶಾಂಭವಿಯ ಕೊನೆಯ ಸಲ ನಾಳೆ. ‘ಎರಡು ಸಲ ಅಕ್ಕನ ಮಾತು ಕೇಳಿ ಬಿದ್ದೇನಿ, ಈ ಸಲ ಚಿಕ್ಕಮ್ಮನ ಮಾತು ಅಷ್ಟ ಕೇಳಾಕಿ’ ಎಂದು ಮೊನ್ನೆ ಗೋಡೆಗೆ ಹೇಳುವವಳಂತೆ ನನಗೆ ಹೇಳಿದಳು. ಚಿಕ್ಕಮ್ಮನ ಮಾತು ಏನೆಂದು ಇಬ್ಬರಿಗೂ ಗೊತ್ತಿಲ್ಲ. ನನಗಿಂತ ಒಳ್ಳೆಯ ಕೈ ಅವಳದು. ಇದನ್ನು ಅವಳೆದುರು ಒಮ್ಮೆಯೂ ಹೇಳಿಲ್ಲ. ಅವಳು ನಾಳೆ ಬಿದ್ದರೆ ನನ್ನ ಪಕ್ಷ ಗೆದ್ದಂತೆ ಎಂದು ಜನ ಅನ್ನುತ್ತಾರೆ. ಅಂಥ ಗೆಲುವು ನನಗೆ ಬೇಡ.

ಅದಕ್ಕೇ ಈ ಕಾಗದ. ಇದನ್ನು ಅಂಚೆಸೀಳಿನಲ್ಲಿ ಹಾಕುತ್ತೇನೆ. ಅದು ಕಾಲದ ಗೋಡೆಯಲ್ಲಿರುವ ಸಣ್ಣ ಬಿರುಕು, ಉಳಿಕೆದಿನಗಳಲ್ಲಿ ಮಾತ್ರ ಬಾಯಿ ತೆರೆಯುತ್ತದೆ. ನೀವು ಅಭಿಪ್ರಾಯ ಅಳಿಸಲು ಕೂತ ಸಂಜೆಗೆ ತಲುಪಲಿ ಎಂದು ಗುರಿ ಇಟ್ಟಿದ್ದೇನೆ. ನಗುವವರಿಗೆ ಬೇಸತ್ತು ಅಳಿಸುವುದಾದರೆ ಅಳಿಸಿ, ನಿಮ್ಮ ಮಾತು ನಿಮ್ಮದು. ಅದಕ್ಕೂ ಮೊದಲು ಆ ಮೂರನೆಯ ಏಟಿನ ಮಾತನ್ನು ಬೇರೆಲ್ಲಾದರೂ, ಯಾವುದಾದರೂ ಎಣಗಾಯಿ ಪಲ್ಯದ ವಿಡಿಯೊದ ಕೆಳಗಾದರೂ ಸರಿ, ಒಮ್ಮೆ ಬರೆದು ಹೋಗಿ. ಜಾಲದಲ್ಲಿ ಬಿದ್ದದ್ದು ಹಗೇವಿಗೆ ಬರುತ್ತದೆ, ನಾನು ಹುಡುಕಿಕೊಳ್ಳುತ್ತೇನೆ. ನೀವು ಬರೆಯದಿದ್ದರೂ ನಮ್ಮ ಹೆಮ್ಮೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ನಾಳೆ ಶಾಂಭವಿ ಅಂಗಳಕ್ಕೆ ಇಳಿದಾಗ ಮೊದಲೆರಡು ಏಟು ನಿಮ್ಮ ಹೆಸರಿನಲ್ಲಿ ತಿರುಗುತ್ತವೆ, ಊರಿಗೆ ಊರೇ ಎದ್ದು ನಿಂತು ‘ಚಿಕ್ಕಮ್ಮಾ’ ಎಂದು ಕೂಗುತ್ತದೆ. ಆ ಕೂಗು ನಿಮ್ಮ ಕಾಲಕ್ಕೆ ಕೇಳಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಇಷ್ಟು ಬರೆಯುವ ಹೊತ್ತಿಗೆ ಶಾಂಭವಿ ಹಿಂದೆ ಬಂದು ನಿಂತು, ಹೆಗಲ ಮೇಲಿಂದ ಎಲ್ಲವನ್ನೂ ಓದಿದ್ದಾಳೆ. ಅವಳ ಕೈಯನ್ನು ಹೊಗಳಿದ್ದನ್ನೂ ಓದಿದಳು. ಆಮೇಲೆ, ಎಷ್ಟೋ ದಿನಗಳ ನಂತರ ಮುಖ ಕೊಟ್ಟು ಮಾತಾಡಿದಳು. ‘ಅಕ್ಕಾ, ಚಿಕ್ಕಮ್ಮ ಬರದಿಟ್ಟಿದ್ರ ಅದು ಇಷ್ಟೊತ್ತಿಗೆ ಹಗೇವಿನ್ಯಾಗ ಇರಬೇಕಿತ್ತಲ್ಲ? ನಮಗ ಯಾಕ ಸಿಕ್ಕಿಲ್ಲ?’

ನೀವು ಕಲಿಸಿದ ಒಂದು ಮಾತಿದೆ, ಅದನ್ನೇ ಹೇಳಿದೆ.

‘ತಡಿ’ ಎಂದೆ.

ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಇಬ್ಬರೂ ತಡೆದು ಕೂತಿದ್ದೇವೆ, ಚಿಕ್ಕಮ್ಮ.

ಇಂತು ನಿಮ್ಮವಳು,
ನೀಲಗಂಗಾ