ಸೇನಾಪತಿ ಚಿಕ್ಕವನಿದ್ದಾಗ

ಅಪ್ಪಾ,

ನೀವು ಜೀವನವಿಡೀ ರಂಗದ ಮೇಲೆ ಆಡಿದ ಆ ಕಲ್ಲೆದೆಯ ಸೇನಾಪತಿಯ ಯೌವನವನ್ನು ನಾಟಕ ಮಾಡುತ್ತೇನೆಂದಾಗ ನಕ್ಕಿದ್ದಿರಿ. “ಅವನು ಸಾಯಲ್ಲ ಅಂತ ಎಲ್ಲರಿಗೂ ಗೊತ್ತು. ಇನ್ನು ಯಾರಮ್ಮಾ ಹೆದರ್ತಾರೆ?” ಆ ಮಾತು ಮುಂದುವರಿಸುವ ಮೊದಲೇ ನೀವು ತೀರಿಕೊಂಡಿರಿ.

ಇವತ್ತು ಸಂಜೆ ಮೊದಲ ಪ್ರದರ್ಶನವಾಯಿತು. ಶತ್ರುಗಳು ಬೆನ್ನಟ್ಟಿದ್ದರು, ಸೇನಾಪತಿಯ ತಮ್ಮ ಇನ್ನೂ ಕೋಟೆಯ ಹೊರಗಿದ್ದ. ಎಳೆಯ ಸೇನಾಪತಿ ಬಾಗಿಲ ಅಗುಳಿಗೆ ಕೈಯಿಟ್ಟ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಎದ್ದು ಕೂಗಿದರು: “ಮುಚ್ಚಬೇಡ ಕಣೋ!”

ಅದು ಅಮ್ಮ! ನಿಮ್ಮ ನಾಟಕದ ಪ್ರತಿ ಮಾತೂ ಬಾಯಿಪಾಠವಿರುವ ಅಮ್ಮ. ಅವನು ಬದುಕುತ್ತಾನೆಂದು ಅವಳಿಗೆ ಗೊತ್ತಿತ್ತು. ಹೆದರಿದ್ದು, ಅವನು ನಿಮ್ಮ ಆ ಸೇನಾಪತಿಯಾಗಿಬಿಡುತ್ತಾನೆಂದು.

ಅವನು ಬಾಗಿಲು ಮುಚ್ಚಿದ. ಸಭಾಂಗಣವಿಡೀ ಉಸಿರು ಬಿಗಿಹಿಡಿಯಿತು. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಗೆದ್ದೆ ಅಪ್ಪಾ! ಅಮ್ಮ ಮಾತ್ರ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.